ನಮ್ಮ ತಾಟಿನಲ್ಲಿ ಏನು ಕಡಿಮೆಯಾಗಿದೆ?

ಮೂರು ವರ್ಷಗಳ ಹಿಂದಿನ ಮಾತು. ಬಿಂಕದಕಟ್ಟಿಯ ನಮ್ಮ ಚಿಕಿತ್ಸಾಲಯಕ್ಕೆ 68 ವಯಸ್ಸಿನ ಹಿರಿಯರೊಬ್ಬರು ಬಂದರು. ಒಕ್ಕಲುತನದ ಮನೆತನ, ಹುಟ್ಟಿನಿಂದ ಶುದ್ಧ ಶಾಕಾಹಾರಿಗಳು, ತಂಬಾಕು, ಮದ್ಯಗಳ ಸೋಂಕಿಲ್ಲದವರು. ಶ್ರಾವಣದ ಪುರಾಣವನ್ನು ಒಂದು ದಿನವೂ ತಪ್ಪಿಸದ ಶ್ರದ್ಧಾವಂತರು. "ಡಾಕ್ಟ್ರ, ಅಂಗಾಲಾಗ ಇರುವಿ ಹರದಂಗ ಆಗಾಕತ್ತೈತ್ರಿ, ರಾತ್ರಿ ಕಾಲು ಉರಿತಾವ್ರಿ" ಎಂದರು. ನಾಡಿ ನೋಡಿದೆವು, ನಾಲಿಗೆ ನೋಡಿದೆವು. ನಾಲಿಗೆ ಕೆಂಪಾಗಿ ನುಣುಪಾಗಿತ್ತು. ವಯಸ್ಸಿಗೆ ಸಹಜವಾದ ವಾತಪ್ರಕೋಪವೆಂದು ನಿರ್ಣಯಿಸಿ ಮಹಾನಾರಾಯಣ ತೈಲದ ಅಭ್ಯಂಗ, ಅಶ್ವಗಂಧ, ರಾಸ್ನಾದಿ ಕಷಾಯಗಳನ್ನು ಕೊಟ್ಟೆವು. ಕೆಲ ದಿನ ಹಾಯೆನಿಸಿತು. ತಿಂಗಳುಗಳು ಕಳೆದವು. ಎಂಟನೆಯ ತಿಂಗಳಲ್ಲಿ ಅವರ ಮಗ ಬಂದು, ತಂದೆಯವರು ಕತ್ತಲಲ್ಲಿ ಹೊಸ್ತಿಲು ದಾಟುವಾಗ ಓಲಾಡಿ ಬೀಳುವಂತಾಗಿದ್ದರೆಂದು ಹೇಳಿದಾಗ ನಮಗೆ ಎಚ್ಚರವಾಯಿತು. ರಕ್ತವನ್ನು ಗದಗಿಗೆ ಕಳುಹಿಸಿದೆವು. ವಿಟಮಿನ್ ಬಿ-12 ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಹೆಚ್ಚಿರಬೇಕಾದದ್ದು 110 ಇತ್ತು.

ಆ ಹಿರಿಯರು ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರು. ಆ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬಿ-12 ಹೀರಿಕೆ ಕುಗ್ಗುತ್ತದೆಂಬುದು ನಮಗೆ ತಿಳಿಯದ ವಿಷಯವಾಗಿರಲಿಲ್ಲ. ಅವರು ಏನು ಉಣ್ಣುತ್ತಾರೆಂದು ಕೇಳಿದ್ದೆವು. ಏನನ್ನು ಉಣ್ಣುತ್ತಿಲ್ಲವೆಂದು ಕೇಳಿರಲಿಲ್ಲ. ತಪ್ಪು ನಮ್ಮದೇ. ಅದನ್ನು ಈ ಪುಟದಲ್ಲಿ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಏಕೆಂದರೆ ಅಂಥ ಲಕ್ಷಣಗಳಿರುವ ಅನೇಕರು ಶ್ರೀಮಠದ ಭಕ್ತಸಮೂಹದಲ್ಲಿ ಇಂದೂ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕುಳಿತಿರಬಹುದು.

ಮನೆಯಲ್ಲಿ ಬೇಯಿಸಿದ ಸಾತ್ವಿಕ ಶಾಕಾಹಾರ ಪರಿಪೂರ್ಣವಾದುದು, ಅದನ್ನು ಉಣ್ಣುವವರಿಗೆ ಯಾವ ಕೊರತೆಯೂ ಬಾರದು ಎಂಬ ಭಾವನೆ ನಮ್ಮ ಸಮಾಜದಲ್ಲಿ ಗಟ್ಟಿಯಾಗಿ ಬೇರೂರಿದೆ. ಶಾಕಾಹಾರದ ಹಿರಿಮೆಯಲ್ಲಿ ನಮಗೂ ಸಂದೇಹವಿಲ್ಲ. ಆದರೆ ಪರಿಪೂರ್ಣತೆಯ ಮಾತನ್ನು ಒಪ್ಪಲಾರೆವು. ಬಿ-12 ಸಸ್ಯಗಳಲ್ಲಿ ಇಲ್ಲ. ಅದನ್ನು ತಯಾರಿಸುವುವು ಸೂಕ್ಷ್ಮಜೀವಿಗಳು. ಅದು ನಮಗೆ ತಲುಪುವುದು ಪ್ರಾಣಿಮೂಲದ ಆಹಾರದಿಂದ. ಶಾಕಾಹಾರಿಗಳ ಪಾಲಿಗೆ ಅಡುಗೆಮನೆಯಲ್ಲಿ ಇರುವ ಒಂದೇ ಭರವಸೆಯ ಮೂಲ ಹಾಲು ಮತ್ತು ಅದರಿಂದಾದ ಮೊಸರು, ಮಜ್ಜಿಗೆ. ನುಗ್ಗೆಸೊಪ್ಪಿನಲ್ಲಿದೆ, ಹುದುಗಿದ ಹಿಟ್ಟಿನಲ್ಲಿದೆ, ಸ್ಪಿರುಲಿನಾ ಪುಡಿಯಲ್ಲಿದೆ ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ಭಕ್ತರು ನಮಗೆ ತೋರಿಸುತ್ತಾರೆ. ಅವನ್ನು ನಂಬಬೇಡಿರಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ದೇಹಕ್ಕೆ ಒದಗದ ಹುಸಿ ರೂಪ. ತುಪ್ಪ, ಬೆಣ್ಣೆಗಳಲ್ಲಿಯೂ ಅದು ಇಲ್ಲವೆಂಬಷ್ಟು ಅಲ್ಪ.

ವಯಸ್ಕರಿಗೆ ದಿನಕ್ಕೆ ಬೇಕಾದುದು ಸುಮಾರು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ಅಷ್ಟು ದೊರೆಯಲು ಅರ್ಧ ಲೀಟರಿನಷ್ಟು ಹಾಲು, ಇಲ್ಲವೇ ಅದಕ್ಕೆ ಸಮನಾದ ಗಟ್ಟಿ ಮೊಸರು ಬೇಕಾಗುತ್ತದೆ. ಮಜ್ಜಿಗೆಗೆ ನೀರು ಬೆರೆತಷ್ಟೂ ಲೆಕ್ಕ ಇಳಿಯುತ್ತದೆ. ಯಕೃತ್ತು ಬಿ-12ಅನ್ನು ವರ್ಷಗಟ್ಟಲೆ ಸಂಗ್ರಹಿಸಿಟ್ಟುಕೊಳ್ಳಬಲ್ಲದು. ಆದುದರಿಂದ ಹಾಲು ಬಿಟ್ಟ ಕೂಡಲೇ ಏನೂ ಆಗುವುದಿಲ್ಲ; ಮೂರು ನಾಲ್ಕು ವರ್ಷಗಳ ನಂತರ ಕಾಲು ಜುಮುಗುಟ್ಟತೊಡಗುತ್ತದೆ. ಆ ವೇಳೆಗೆ ಕಾರಣ ಮರೆತುಹೋಗಿರುತ್ತದೆ.

ಹಾಲು ಎಲ್ಲಿ ಹೋಯಿತು? ನಾವು ಇಲ್ಲಿ ಚಿಕಿತ್ಸಾಲಯ ತೆರೆದ ಕಾಲಕ್ಕೆ ರೋಗಿಯ ಮನೆಗೆ ಹೋದರೆ ತಾಮ್ರದ ತಂಬಿಗೆಯಲ್ಲಿ ಮಜ್ಜಿಗೆ ತಂದುಕೊಡುತ್ತಿದ್ದರು. ಈಗ ಸ್ಟೀಲಿನ ಲೋಟದಲ್ಲಿ ಚಹಾ ಬರುತ್ತದೆ. ಎಮ್ಮೆ ಅದೇ ಕೊಟ್ಟಿಗೆಯಲ್ಲಿದೆ, ಹಿಂಡುವವರೂ ಇದ್ದಾರೆ. ಹಾಲು ಬೆಳಗು ಸಂಜೆ ಕ್ಯಾನಿನಲ್ಲಿ ಡೇರಿಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಚಹಕ್ಕೆ ಬೇಕಾದಷ್ಟು. ಆ ಹಾಲಿನ ಹಣದಿಂದಲೇ ಮಕ್ಕಳ ಶಾಲೆಯ ಶುಲ್ಕ, ಬೀಜ, ಗೊಬ್ಬರ ನಡೆಯುತ್ತಿರುವಾಗ ಡೇರಿಗೆ ಹಾಕಬೇಡಿ ಎನ್ನುವ ಅಧಿಕಾರ ನಮಗಿಲ್ಲ. ಆದರೆ ಹಾಲು ಮಾರಿದ ಹಣದಲ್ಲಿ ಅಂಗಡಿಯ ಬಿಸ್ಕೀಟು, ಕುರುಕಲು ತಂದು ಮಕ್ಕಳ ಕೈಗಿಡುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

2021ರ ಕೊನೆಯಲ್ಲಿ ಸರ್ಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಾಗೂ ವಿಜಯಪುರ ಜಿಲ್ಲೆಯ ಶಾಲಾ ಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಆರಂಭಿಸಿದಾಗ ಹಲವು ಮಠಾಧೀಶರು ವಿರೋಧಿಸಿದುದು ಓದುಗರಿಗೆ ನೆನಪಿರಬಹುದು. ಮೊಟ್ಟೆ ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಗೊತ್ತಾಯಿತು. ಮೊಟ್ಟೆ ಉಣ್ಣಬೇಕೋ ಬೇಡವೋ ಎಂಬುದು ಅವರವರ ಮನೆಯ ಆಚಾರಕ್ಕೆ ಸೇರಿದ್ದು; ಆ ವಾದಕ್ಕೆ ನಾವು ಹೋಗುವುದಿಲ್ಲ. ವೈದ್ಯರಾಗಿ ಹೇಳಬೇಕಾದದ್ದು ಇಷ್ಟು: ಬಾಳೆಹಣ್ಣಿನಲ್ಲಿ ಬಿ-12 ಇಲ್ಲ, ಪ್ರೋಟೀನು ಅತ್ಯಲ್ಪ. ಒಂದನ್ನು ಬೇಡವೆಂದು ಮಗುವಿನ ತಾಟಿನಿಂದ ಸರಿಸಿದವರು ಅದರ ಜಾಗದಲ್ಲಿ ಸರಿಸಮನಾದುದನ್ನು ಇಡುವ ಹೊಣೆಯನ್ನೂ ಹೊರಬೇಕು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವೊಂದಕ್ಕೆ 18 ಗ್ರಾಂ ಹಾಲಿನಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು ದೊರೆಯುತ್ತದೆ. ಒಳ್ಳೆಯದು; ಆದರೆ ಅಷ್ಟರಿಂದಲೇ ಮುಗಿಯುವುದಿಲ್ಲ. ಅದು ಶಾಲೆಯ ದಿನಗಳಿಗೆ ಮಾತ್ರ, ಮತ್ತು ಮನೆಯಲ್ಲಿಯೂ ಹಾಲಿದ್ದರೆ ಮಾತ್ರ ಸಾಲುತ್ತದೆ. 2016–18ರಲ್ಲಿ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ದೇಶದ 10ರಿಂದ 19 ವಯಸ್ಸಿನ ಮಕ್ಕಳಲ್ಲಿ ಶೇ. 31ರಷ್ಟು ಮಂದಿಗೆ ಬಿ-12 ಕೊರತೆ ಕಂಡುಬಂದಿತ್ತು.

ಇನ್ನೊಂದು ಸಂಗತಿ. ಪಡಿತರದ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಸಾರವರ್ಧಿತ ಕಾಳು ಬೆರೆತು ಬರುತ್ತಿದೆ. ಅದನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ನಮ್ಮ ತಾಯಂದಿರು ಆರಿಸಿ ಚೆಲ್ಲುತ್ತಿದ್ದಾರೆ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು ಅದು. ಹಗುರವಾದ್ದರಿಂದ ತೊಳೆಯುವಾಗ ತೇಲುತ್ತದೆ, ಬಣ್ಣ ತುಸು ಬೇರೆ ಇರುತ್ತದೆ. ಅದರಲ್ಲಿನ ಬಿ-12 ಬಹಳ ಕಡಿಮೆ, ಕಿಲೋ ಅಕ್ಕಿಗೆ ಹೆಚ್ಚುಕಡಿಮೆ ಒಂದು ಮೈಕ್ರೋಗ್ರಾಂ. ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಹಾಗೆಂದು ಕೈಗೆ ಬಂದುದನ್ನು ಆರಿಸಿ ಕೋಳಿಗೆ ಹಾಕುವುದೇಕೆ? ಹೆಚ್ಚು ತಿಕ್ಕಿ ತೊಳೆಯಬಾರದು, ಗಂಜಿ ಬಸಿದು ಚೆಲ್ಲಲೂಬಾರದು.

ಇನ್ನು ತಾಟನ್ನು ಪರೀಕ್ಷಿಸುವ ಬಗೆ. ಒಂದು ನೋಟ್‌ಬುಕ್ ತೆಗೆದುಕೊಂಡು ಏಳು ದಿನಗಳ ಕಾಲ ಬಾಯಿಗೆ ಹೋದ ಪ್ರತಿಯೊಂದನ್ನೂ ಬರೆಯಿರಿ. ಸಂತೆಯ ದಿನವೂ ಅದರಲ್ಲಿ ಬರಲಿ, ಉಪವಾಸದ ದಿನವೂ ಬರಲಿ, ಗದಗಿಗೆ ಹೋದಾಗ ತಿಂದ ಮಿರ್ಚಿಯೂ ಬರಲಿ. ಚಹಾ ಎಷ್ಟು ಸಲ, ಊಟವಾದ ಎಷ್ಟು ಹೊತ್ತಿಗೆ ಎಂಬುದನ್ನು ಮರೆಯದೆ ಬರೆಯಬೇಕು. ಮುಖ್ಯವಾಗಿ, ಮನೆಗೆಲ್ಲ ಒಂದೇ ಪಟ್ಟಿ ಮಾಡಬಾರದು. ಪ್ರತಿಯೊಬ್ಬರಿಗೂ ಬೇರೆ ಬೇರೆ ಪುಟವಿರಬೇಕು. ಇದರ ಕಾರಣವನ್ನು ನಾವು ಮೇಲಿನ ಹಿರಿಯರ ಮನೆಯಲ್ಲಿಯೇ ಕಲಿತೆವು. ಅವರ ಪುಟವನ್ನು ಮೊಮ್ಮಗಳು ಚೆನ್ನಾಗಿ ಬರೆದಿದ್ದಳು: ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ, ಸಾರು. ಅಜ್ಜಿಯ ಪುಟದಲ್ಲಿ ನಾಲ್ಕು ದಿನ ರಾತ್ರಿ "ರೊಟ್ಟಿ, ಚಟ್ನಿ" ಎಂದಷ್ಟೇ ಇತ್ತು. ಕಾಳುಪಲ್ಯ ಏನಾಯಿತೆಂದು ಕೇಳಿದರೆ, "ಎಲ್ಲಾರೂ ಉಂಡ ಮ್ಯಾಲ ತೀರಿತ್ರಿ" ಎಂದರು ಆ ತಾಯಿ. ಅವರ ಹಿಮೋಗ್ಲೋಬಿನ್ ನೋಡಿದೆವು, 8.4 ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ, ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಮನೆಯ ಗಂಡಸರು ನೀರಡಿಸಿ ಹೊಲದಿಂದ ಬಂದು ಉಣ್ಣುವಾಗ ಎಲ್ಲರಿಗೂ ಒಂದೇ ಅಡುಗೆಯೆಂದು ತಿಳಿಯುತ್ತಾರೆ. ಅಡುಗೆ ಒಂದೇ, ತಾಟು ಒಂದೇ ಅಲ್ಲ.

ಏಳು ದಿನದ ಪುಟ ತುಂಬಿದ ಮೇಲೆ ಅದನ್ನು ಓದುವ ಕ್ರಮವನ್ನು ಚರಕಾಚಾರ್ಯರು ಆಗಲೇ ಹೇಳಿದ್ದಾರೆ. ವಿಮಾನಸ್ಥಾನದಲ್ಲಿ ಆಹಾರವನ್ನು ಎಂಟು ಬಗೆಯಿಂದ ನೋಡಬೇಕೆಂದಿದ್ದಾರೆ. ಅವುಗಳಲ್ಲಿ ರಾಶಿ, ಕರಣ, ಸಂಯೋಗಗಳೆಂಬ ಮೂರು ಇಂದಿನ ಪೋಷಕಾಂಶಗಳ ಲೆಕ್ಕಕ್ಕೆ ಬಹಳ ಉಪಯುಕ್ತ. ರಾಶಿಯೆಂದರೆ ಎಷ್ಟು ಉಂಡಿರಿ ಎಂಬುದು. ಕರಣವೆಂದರೆ ಹೇಗೆ ಸಂಸ್ಕರಿಸಿದಿರಿ ಎಂಬುದು: ಮಡಿಕೆಕಾಳು, ಹೆಸರುಕಾಳುಗಳನ್ನು ಮೊಳಕೆ ಬರಿಸಿದರೆ ಅವುಗಳಲ್ಲಿನ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಸಂಯೋಗವೆಂದರೆ ಯಾವುದರೊಡನೆ ಯಾವುದು ಎಂಬುದು. ನಮ್ಮ ದೃಷ್ಟಿಯಲ್ಲಿ ಇದೇ ಬಹಳ ಮುಖ್ಯ.

ಕಬ್ಬಿಣದ ಲೆಕ್ಕವನ್ನೇ ನೋಡೋಣ. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸಿಗೆ 19 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. 100 ಗ್ರಾಂ ಜೋಳದಲ್ಲಿ ಇರುವುದು ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6ಕ್ಕೂ ಹೆಚ್ಚು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದೂ ಇಲ್ಲವೆನ್ನಬಹುದು. ರೊಟ್ಟಿಯ ಜಾಗವನ್ನು ಎರಡು ಹೊತ್ತಿನ ಅನ್ನ ಆಕ್ರಮಿಸಿದ ಮನೆಗಳಲ್ಲಿ ಎಷ್ಟು ನಷ್ಟವಾಯಿತೆಂದು ಓದುಗರೇ ಲೆಕ್ಕ ಹಾಕಬಹುದು. ಜೊತೆಗೆ ಸಸ್ಯಮೂಲದ ಕಬ್ಬಿಣದಲ್ಲಿ ದೇಹ ಹೀರುವುದು ಅಲ್ಪಭಾಗ ಮಾತ್ರ. ಊಟವಾದೊಡನೆ ಚಹಾ ಕುಡಿದರೆ ಅದರ ಒಗರು ಆ ಅಲ್ಪವನ್ನೂ ತಡೆಯುತ್ತದೆ. ಅದೇ ಊಟಕ್ಕೆ ಅರ್ಧ ಲಿಂಬೆಹಣ್ಣು ಹಿಂಡಿಕೊಂಡರೆ, ನೆಲ್ಲಿಕಾಯಿಯನ್ನೋ ಪೇರಲಹಣ್ಣನ್ನೋ ತಿಂದರೆ ಹೀರಿಕೆ ಹೆಚ್ಚುತ್ತದೆ. ನಮ್ಮ ಶಾಸ್ತ್ರದಲ್ಲಿ ಪಾಂಡುರೋಗಕ್ಕೆ ಹೇಳಿರುವ ಧಾತ್ರೀಲೋಹವೆಂಬ ಔಷಧದಲ್ಲಿ ಲೋಹದೊಡನೆ ನೆಲ್ಲಿಯನ್ನೇ ಕೂಡಿಸಿದ್ದಾರೆ. 'ವಿಟಮಿನ್ ಸಿ' ಎಂಬ ಹೆಸರು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಹೀಗೆ ಕೂಡಿಸಿದವರ ಅನುಭವ ದೊಡ್ಡದು. ಆದ್ದರಿಂದ ಊಟಕ್ಕೂ ಚಹಕ್ಕೂ ಕನಿಷ್ಠ ಒಂದು ತಾಸಿನ ಅಂತರವಿರಲಿ. ಖರ್ಚಿಲ್ಲದ ಚಿಕಿತ್ಸೆ ಇದು. ಆದರೂ ನಮ್ಮ ಮಾತುಗಳಲ್ಲಿ ಅತಿ ಕಡಿಮೆ ಪಾಲನೆಯಾಗುವುದೂ ಇದೇ.

ಪುಟದಲ್ಲಿ ಹಸಿರು ಎಷ್ಟು ದಿನ ಬಂದಿದೆ ನೋಡಿರಿ. ಪುಂಡಿಪಲ್ಯ, ಹಕ್ಕರಿಕೆ, ಮೆಂತ್ಯೆ, ರಾಜಗಿರಿ, ಕಿರಕಸಾಲಿ ಇವು ನಮ್ಮ ಎರೆಹೊಲದ ಬದುವಿನಲ್ಲಿ, ಸಾಲಿನ ನಡುವೆ ತಾನಾಗಿ ಬರುತ್ತಿದ್ದವು ಅಥವಾ ಎರಡು ಮಡಿ ಬಿತ್ತಿಕೊಂಡರೆ ಸಾಕಾಗುತ್ತಿತ್ತು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಈಗ ಅವು ಹುಡುಕಿದರೂ ಸಿಗವು. ಗುರೆಳ್ಳುಪುಡಿ, ಅಗಸಿಪುಡಿ, ಬಾಣಂತಿಗೆ ಕೊಡುವ ಅಳವಿ ಪಾಯಸ ಇವೆಲ್ಲ ಖನಿಜಗಳ ಭಂಡಾರ. ಬಾಣಂತನ ಮುಗಿದೊಡನೆ ಅಳವಿಯನ್ನು ಏಕೆ ಮರೆಯಬೇಕೋ ತಿಳಿಯದು.

ಹಾಗೆಂದು ಹಿಂದಿನವರ ಊಟದಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. 1960ರ ಸುಮಾರಿಗೆ ಡಾ. ಸಿ. ಗೋಪಾಲನ್ ಮತ್ತವರ ಸಂಗಡಿಗರು ಹೈದರಾಬಾದಿನಲ್ಲಿ, ಜೋಳವೊಂದನ್ನೇ ನೆಚ್ಚಿಕೊಂಡ ದಖ್ಖನಿನ ಬಡವರಲ್ಲಿ ಪೆಲ್ಲಾಗ್ರ ಎಂಬ ರೋಗವನ್ನು ಕಂಡು ಅಭ್ಯಸಿಸಿದರು. ಬಿಸಿಲು ತಾಗಿದ ಚರ್ಮ ಕಪ್ಪಾಗಿ ಸುಲಿಯುವ, ಭೇದಿಯಾಗುವ, ಬುದ್ಧಿ ಮಂಕಾಗುವ ಆ ರೋಗಕ್ಕೆ ಮೂಲ ನಯಾಸಿನ್ ಎಂಬ ವಿಟಮಿನ್ನಿನ ಕೊರತೆ. ಜೋಳ ಕೆಟ್ಟದ್ದೆಂದು ಇದರರ್ಥವಾಗದು. ಜೋಳದ ಪಕ್ಕದಲ್ಲಿ ಬೇಳೆ, ಶೇಂಗಾ, ಹಾಲು ಇರಬೇಕು. ಬರಗಾಲದ ವರ್ಷಗಳಲ್ಲಿ ಬಡವರ ತಾಟಿನಲ್ಲಿ ಅವು ಇರುತ್ತಿರಲಿಲ್ಲ.

ಉಪ್ಪಿನ ವಿಷಯದಲ್ಲಿ ಆಯುರ್ವೇದ ವೈದ್ಯರಾದ ನಮ್ಮಿಂದ ಕೆಲವರಿಗೆ ಅನಿರೀಕ್ಷಿತವೆನಿಸುವ ಮಾತು: ಸೈಂಧವ ಲವಣ ಶ್ರೇಷ್ಠವೆಂದು ಶಾಸ್ತ್ರ ಹೇಳಿದ್ದು ನಿಜ, ಆದರೆ ಅದರಲ್ಲಿ ಸಾಕಷ್ಟು ಅಯೋಡಿನ್ ಇಲ್ಲ. ನಿತ್ಯದ ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿರಿ. ಸೈಂಧವವನ್ನು ಔಷಧಕ್ಕೆ ಇಟ್ಟುಕೊಳ್ಳಿರಿ. ಮುಂಡರಗಿ ಕಡೆಯ ಭಕ್ತರು ನೀರಿನ ಕಡೆಗೂ ಗಮನ ಕೊಡಬೇಕು. ಆ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಹಲ್ಲನ್ನು ಕಂದಿಸಿ ಎಲುಬನ್ನು ಬಿರುಸಾಗಿಸುತ್ತದೆ, ಸುಣ್ಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಹಾನಿ ಹೆಚ್ಚು. ನದಿನೀರು ಬರುವಲ್ಲಿ ಕುಡಿಯಲು ಅದನ್ನೇ ಹಿಡಿಯಿರಿ. ಹಾಲು, ರಾಗಿ, ಎಳ್ಳು ತಾಟಿನಲ್ಲಿರಲಿ. ವಿಟಮಿನ್ ಡಿ ಹೊಲದಲ್ಲಿ ದುಡಿಯುವವರಿಗೆ ಬಿಸಿಲಿನಿಂದಲೇ ದೊರೆಯುತ್ತದೆ. ಮನೆಯೊಳಗೇ ಇರುವ ವೃದ್ಧರದು, ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುವ ಹೆಣ್ಣುಮಕ್ಕಳದು ಬೇರೆ ಮಾತು.

"ವೈದ್ಯರೇ, ತಾವು ಆಯುರ್ವೇದದವರಾಗಿ ರಕ್ತಪರೀಕ್ಷೆಗೆ ಕಳಿಸುತ್ತೀರಲ್ಲ" ಎಂದು ಕೇಳುವವರಿದ್ದಾರೆ. ನಾಡಿಯಲ್ಲಿ ಬಿ-12ರ ಅಂಕಿ ಸಿಗುವುದಿಲ್ಲ. ಸಿಗುತ್ತದೆ ಎನ್ನುವವರ ಬಗ್ಗೆ ಎಚ್ಚರವಿರಲಿ. ತಾಟಿನ ಪುಟದಲ್ಲಿ ಹಾಲು ಮೊಸರು ಇಲ್ಲದವರು, ಐದಾರು ವರ್ಷಗಳಿಂದ ಮೆಟ್‌ಫಾರ್ಮಿನ್ ಅಥವಾ ಆಮ್ಲಪಿತ್ತದ ಮಾತ್ರೆಯನ್ನು ನಿತ್ಯ ನುಂಗುವವರು, ಅರವತ್ತು ದಾಟಿದ ಶಾಕಾಹಾರಿಗಳು, ಗರ್ಭ ಧರಿಸಲಿರುವ ಹೆಣ್ಣುಮಕ್ಕಳು ಒಮ್ಮೆ ಹಿಮೋಗ್ಲೋಬಿನ್ ಮತ್ತು ಬಿ-12 ನೋಡಿಸುವುದು ಉಚಿತ. ಅಂಗಾಲಿನಲ್ಲಿ ಜೋಮು, ನಾಲಿಗೆ ಉರಿ, ಬಾಯಿಯ ಮೂಲೆ ಸೀಳುವುದು, ಉಗುರು ಚಮಚದಂತೆ ತಗ್ಗಾಗುವುದು, ಮಣ್ಣನ್ನೋ ಹಸಿ ಅಕ್ಕಿಯನ್ನೋ ತಿನ್ನುವ ಬಯಕೆ ಇವು ಇದ್ದರಂತೂ ತಡಮಾಡಬಾರದು. ಇನ್ನೊಂದು ಎಚ್ಚರಿಕೆ: ಅಂಗಡಿಯಿಂದ ರಕ್ತವರ್ಧಕವೆಂದು ತಂದ ಫೋಲಿಕ್ ಆಮ್ಲವನ್ನಷ್ಟೇ ಕುಡಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ; ಬಿ-12 ಕೊರತೆಯಿಂದ ನರಗಳಿಗಾಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಮಾತ್ರೆಯ ಬಗ್ಗೆ ಭಕ್ತರಿಗೊಂದು ಸಂದೇಹವಿದೆ, ಅದು ಮಾಂಸದಿಂದ ಮಾಡಿದ್ದಲ್ಲವೇ ಎಂದು. ಅಲ್ಲ. ಇಂದಿನ ಬಿ-12 ಸೂಕ್ಷ್ಮಜೀವಿಗಳನ್ನು ಬೆಳೆಸಿ ಪಡೆಯುವುದು, ಮೊಸರು ಹೆಪ್ಪುಗಟ್ಟುವ ಹಾಗೆ. ಆದರೆ ಕ್ಯಾಪ್ಸೂಲಿನ ಕವಚ ಪ್ರಾಣಿಜನ್ಯ ಜಿಲೆಟಿನ್ ಆಗಿರಬಹುದು. ಆ ಕಾರಣಕ್ಕೆ ಬೇಡವೆನ್ನುವವರು ಗುಳಿಗೆಯ ರೂಪದ್ದನ್ನೇ ಕೇಳಿ ಪಡೆಯಲಿ, ಔಷಧವನ್ನೇ ಬಿಡುವುದು ಬೇಡ.

ಕೊನೆಗೊಂದು ಬಿನ್ನಹ. ದಾಸೋಹಕ್ಕೆ ಭಕ್ತರು ಅಕ್ಕಿ, ಗೋಧಿ, ಬೆಲ್ಲಗಳನ್ನು ಚೀಲಗಟ್ಟಲೆ ಸಲ್ಲಿಸುತ್ತಾರೆ. ಪ್ರಸಾದ ನಿಲಯದಲ್ಲಿ ಓದುತ್ತಿರುವ ಮಕ್ಕಳ ತಾಟು ಆ ಚೀಲಗಳಿಂದಲೇ ತುಂಬುತ್ತದೆ. ಚೀಲದಲ್ಲಿ ಬಾರದ್ದು ತಾಟಿನಲ್ಲಿಯೂ ಬರುವುದಿಲ್ಲ. ಹನ್ನೆರಡು, ಹದಿನಾಲ್ಕರ ವಯಸ್ಸಿನ, ಎಲುಬು ರಕ್ತ ಬೆಳೆಯುವ ಕಾಲದ ಮಕ್ಕಳು ಅವರು. ಡೇರಿಗೆ ಹಾಲು ಹಾಕುವ ಪ್ರತಿ ಮನೆಯವರು ತಿಂಗಳಿಗೆ ಒಂದು ಹೊತ್ತಿನ ಹಾಲನ್ನು ಪ್ರಸಾದ ನಿಲಯದ ಹೆಪ್ಪಿಗೆ ಮೀಸಲಿಟ್ಟರೆ, ಮಕ್ಕಳಿಗೆ ದಿನವೂ ಒಂದು ಬಟ್ಟಲು ಗಟ್ಟಿ ಮೊಸರು ಬಡಿಸುವುದು ಸಾಧ್ಯವಿದೆ. ಗೋಧಿಹುಗ್ಗಿಯ ಮೇಲೆ ತುಪ್ಪ ಕಡಿಮೆಯಾದರೂ ನಡೆದೀತು. ಪೂಜ್ಯರು ಈ ಮಾತನ್ನು ಮನ್ನಿಸಿ ಯೋಚಿಸಬೇಕೆಂದು ಬೇಡುತ್ತೇವೆ.

ಆರಂಭದಲ್ಲಿ ಹೇಳಿದ ಹಿರಿಯರಿಗೆ ಬಿ-12 ಚುಚ್ಚುಮದ್ದು ಕೊಡಿಸಿದೆವು, ಸಕ್ಕರೆಯ ಮಾತ್ರೆಯ ವಿಷಯವನ್ನು ಅದನ್ನು ಬರೆದ ವೈದ್ಯರೊಡನೆ ಮಾತನಾಡಿದೆವು. ಮೂರು ವಾರಗಳಲ್ಲಿ ನಾಲಿಗೆಯ ಉರಿ ಹೋಯಿತು. ನಾಲ್ಕು ತಿಂಗಳಲ್ಲಿ ನಡಿಗೆ ನೆಟ್ಟಗಾಯಿತು. ಎಡಗಾಲಿನ ಹೆಬ್ಬೆರಳು ಮಾತ್ರ ಇಂದಿಗೂ ಜೋಮು. ಎಂಟು ತಿಂಗಳು ತಡವಾದುದರ ಗುರುತು. ಅವರ ಮನೆಯಲ್ಲಿ ಈಗ ಸಂಜೆಯ ಹಾಲು ಡೇರಿಗೆ ಹೋಗುವುದಿಲ್ಲ. ಕಳೆದ ತಿಂಗಳು ಅವರ ಧರ್ಮಪತ್ನಿಯವರು ಬಂದಾಗ ಹಿಮೋಗ್ಲೋಬಿನ್ 10.9 ಇತ್ತು. ರಾತ್ರಿ ಕಾಳುಪಲ್ಯ ಸಿಗುತ್ತಿದೆಯೇ ಎಂದು ಕೇಳಿದೆವು. "ನಾ ಈಗ ಮದ್ಲ ತೆಗೆದಿಟ್ಕೋತೇನ್ರಿ" ಎಂದರು.